ಕರೆಂಟ್ ಹೋದರೂ ನಮ್ಮ ಕ್ಲಾಸ್ ನಿಲ್ಲಲ್ಲ

ಹೊಸದಾಗಿ ಓದುವವರಿಗೆ ಎರಡು ಮಾತು. ನನಗೆ ಏಳನೇ ವಯಸ್ಸಲ್ಲಿ ಕಣ್ಣು ಹೋಯಿತು, ಈಗ 52. ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಹಾಡು, ಹಾರ್ಮೋನಿಯಂ ಕಲಿಸುತ್ತೇನೆ. ನಿಮ್ಮ ಪತ್ರಗಳನ್ನು ಫೋನ್ ಓದಿ ಹೇಳುತ್ತದೆ, ಕೈಬರಹದ್ದಾದರೆ ಮಗಳು ಓದುತ್ತಾಳೆ. (ಕೈಬರಹ ಸ್ವಲ್ಪ ದುಂಡಗೆ ಇರಲಿ ಅಂತ ಅವಳದೊಂದು ವಿನಂತಿ.) ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇವೆ, ಕಣ್ಣಿಲ್ಲದವರ ಬದುಕು, ಹಾಡು. ಅವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮದು ರಾಣೆಬೆನ್ನೂರು ಕಡೆಯ ಹಳ್ಳಿ. ಮಗನಿಗೆ 11 ವರ್ಷ. ಮೊದಲು ಸಂಜೆಯಾದರೆ ಎಡವುತ್ತಿದ್ದ, ಈಗ ಹಗಲಲ್ಲೂ ಅಕ್ಕಪಕ್ಕದ್ದು ಕಾಣಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಅಂದಿದ್ದಾರೆ ಡಾಕ್ಟರು, ನಿಧಾನಕ್ಕೆ ಪೂರ್ತಿ ಹೋಗಬಹುದು ಅಂತಲೂ ಹೇಳಿದ್ದಾರೆ. ಭಜನೆ ಚೆನ್ನಾಗಿ ಹಾಡುತ್ತಾನೆ. ಬಂಧುಗಳೆಲ್ಲ ‘ದೇವರು ಒಂದು ಕಿತ್ಕೊಂಡರೆ ಇನ್ನೊಂದು ಕೊಡ್ತಾನೆ, ಗದಗಕ್ಕೆ ಕಳಿಸಿಬಿಡು’ ಅನ್ನುತ್ತಾರೆ. ಮೊನ್ನೆ ಅವನೇ ಕೇಳಿದ, ‘ಅವ್ವಾ, ಕಣ್ಣು ಹೋದಮ್ಯಾಲೆ ಚಲೋ ಅನ್ನೋದು ಏನರ ಇರ್ತದೇನು?’ ನನಗೆ ಉತ್ತರ ಹೊಳೆಯಲಿಲ್ಲ, ಒಲೆ ಕಡೆ ತಿರುಗಿಕೊಂಡೆ.

ಉತ್ತರ: ತಂಗಿ, ನೀವು ಒಲೆ ಕಡೆ ತಿರುಗಿದ್ದು ಅವನಿಗೆ ಗೊತ್ತಾಗಿರುತ್ತದೆ. ಅದಕ್ಕೆ ಇವತ್ತೇ ಪಕ್ಕ ಕೂರಿಸಿಕೊಂಡು ಹೇಳಿ, ಹೌದು ಮಗಾ, ಇದೆ ಅಂತ. ಆದರೆ ಕಣ್ಣು ಹೋಗಿದ್ದೇ ಒಳ್ಳೇದಾಯಿತು ಅಂತ ಮಾತ್ರ ಹೇಳಬೇಡಿ. ಅದು ಬೇರೆ, ಇದು ಬೇರೆ. ಹುಡುಗರು ಮೂರ್ಖರಲ್ಲ.

ಏನಿದೆ ಒಳ್ಳೇದು? ನನ್ನ ಕ್ಲಾಸಿನದ್ದೇ ಹೇಳುತ್ತೇನೆ. ನನ್ನ ಹತ್ತಿರ ಕಣ್ಣಿರುವ ಮಕ್ಕಳೂ ಬರುತ್ತಾರೆ, ಇಲ್ಲದವರೂ ಬರುತ್ತಾರೆ. ಮಳೆಗಾಲದಲ್ಲಿ ಸಂಜೆ ಕರೆಂಟ್ ಹೋಯಿತು ಅಂದ ಕೂಡಲೇ ಕಣ್ಣಿರುವ ಮಕ್ಕಳೆಲ್ಲ ‘ಓ’ ಅಂತ ಕೂಗಿ ಹಾಡು ನಿಲ್ಲಿಸುತ್ತವೆ, ನೋಟ್‌ಬುಕ್ ಕಾಣಲ್ಲ ಅಂತ. ಕಣ್ಣಿಲ್ಲದ ನಮ್ಮ ಎರಡು ಹುಡುಗರು ಮಾತ್ರ ಅದೇ ಲಯದಲ್ಲಿ ಅಂತರಾಕ್ಕೆ, ಅಂದರೆ ಹಾಡಿನ ಎರಡನೇ ಭಾಗಕ್ಕೆ ಹೋಗಿ, ತಿರುಗಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ ಬಂದಿರುತ್ತಾರೆ. ಅವರಿಗೆ ಕರೆಂಟ್ ಹೋಗಿದ್ದು ಗೊತ್ತಾಗುವುದೇ ಉಳಿದವರು ನಿಲ್ಲಿಸಿದಾಗ. ಹೋದ ವರ್ಷ ಆ ಇಬ್ಬರಲ್ಲೊಬ್ಬ ಕೇಳಿದ, ‘ಟೀಚರ್, ಇವರು ಕತ್ತಲಲ್ಲಿ ಹಾಡು ಮರೀತಾರಾ?’ ನಿಜಕ್ಕೂ ಅನುಮಾನ ಬಂದು ಕೇಳಿದ್ದು ಪಾಪ.

ಬರೆದುಕೊಂಡಿದ್ದನ್ನು ನೋಡುತ್ತಾ ಹಾಡುವ ಅಭ್ಯಾಸ ಈ ಹುಡುಗರಿಗೆ ಇಲ್ಲವೇ ಇಲ್ಲ, ಅಷ್ಟೆ. ಎಲ್ಲ ಬಾಯಿಪಾಠ. ನಮ್ಮ ಸಂಗೀತ ಮೊದಲಿಂದಲೂ ಗುರು ಹಾಡಿದ್ದನ್ನು ಶಿಷ್ಯ ತಿರುಗಿ ಹಾಡಿ ಕಲಿತದ್ದು. ಹಾಗಾಗಿ ಈ ಮನೆಯಲ್ಲಿ ನಾವು ನೆಂಟರಲ್ಲ, ಮನೆಯವರೇ.

ಇನ್ನು ‘ದೇವರು ಇನ್ನೊಂದು ಕೊಡ್ತಾನೆ’ ಅನ್ನೋ ಮಾತು. ನಂಬಿಕೆ ಬಗ್ಗೆ ನನ್ನ ಜಗಳ ಇಲ್ಲ. ಆದರೆ ಆ ಮಾತು ಕೇಳಿದ ಹುಡುಗ ಕಿವಿ ತಾನಾಗೇ ಚುರುಕಾಗುತ್ತದೆ ಅಂತ ಕಾಯುತ್ತಾ ಕೂರುತ್ತಾನೆ. 2004ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಒಂದು ಪರೀಕ್ಷೆ ಮಾಡಿದ್ದರು. ಎರಡು ಸ್ವರ ಕೇಳಿಸಿ, ಎರಡನೆಯದು ಮೇಲೆ ಹೋಯಿತೋ ಕೆಳಗೆ ಬಂತೋ ಅಂತ ಕೇಳುವುದು. ಹುಟ್ಟಿನಿಂದ ಅಥವಾ ತೀರಾ ಎಳೆಯದರಲ್ಲಿ ಕಣ್ಣು ಹೋದವರು ಇದರಲ್ಲಿ ಬೇರೆಯವರಿಗಿಂತ ಚುರುಕಾಗಿದ್ದರು. ತಡವಾಗಿ ಕಣ್ಣು ಹೋದವರಲ್ಲಿ ಅಂಥ ಹೆಚ್ಚುಗಾರಿಕೆ ಕಾಣಲಿಲ್ಲ. ನಿಮ್ಮ ಮಗ ಈಗಾಗಲೇ 11 ವರ್ಷ ಕಣ್ಣಿಂದ ನೋಡಿದವನು. ಅವನ ಕಿವಿಗೆ ವರ ಬೇಕಾಗಿಲ್ಲ, ರಿಯಾಜ್ ಬೇಕು, ಅಂದರೆ ದಿನದಿನದ ಅಭ್ಯಾಸ.

ಗದಗದ ವಿಷಯಕ್ಕೆ ಬರುತ್ತೇನೆ. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ಅಲ್ಲಿನ ವೀರೇಶ್ವರ ಪುಣ್ಯಾಶ್ರಮ ಅಂದರೆ ನನಗೂ ಕೈ ಮುಗಿಯುವ ಜಾಗ. ಆದರೆ ನಮ್ಮ ಜನ ಅದನ್ನು ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳ ಕತೆಯನ್ನು ಪವಾಡದ ಹಾಗೆ ಹೇಳಿ ಮುಗಿಸಿಬಿಡುತ್ತಾರೆ, ಅಲ್ವಾ? 1892ರಲ್ಲಿ ಹಾನಗಲ್ ತಾಲ್ಲೂಕಿನ ಹಳ್ಳಿಯಲ್ಲಿ ಕಣ್ಣಿಲ್ಲದೇ ಹುಟ್ಟಿದ ಹುಡುಗ. ಹಾನಗಲ್ಲ ಕುಮಾರಸ್ವಾಮಿಗಳು ಅವನ ದನಿ ಕೇಳಿ, ದೇವರು ಕೊಟ್ಟಿದ್ದಾನೆ ಇನ್ನೇನು ಅಂತ ಸುಮ್ನೆ ಬಿಡಲಿಲ್ಲ. ಕಲಿಯೋದಕ್ಕೆ ಕಳಿಸಿದರು. ಮೈಸೂರಲ್ಲಿ ಕರ್ನಾಟಕ ಸಂಗೀತ, ಆಮೇಲೆ ಮಿರಜದ ನೀಲಕಂಠಬುವಾ ಅವರ ಹತ್ತಿರ ಹಿಂದೂಸ್ತಾನಿ. ಎರಡೂ ಪದ್ಧತಿ ಅರೆದು ಕುಡಿಯುವುದು ಅಂದರೆ ಎಷ್ಟು ವರ್ಷದ ಕೆಲಸ ಅಂತ ಹಾಡುವವರಿಗೆ ಗೊತ್ತು. ಇನ್ನೊಂದು ಸ್ವಾರಸ್ಯ ನೋಡಿ. ಈ ನೀಲಕಂಠಬುವಾ ಅವರ ಗುರು ಬಾಳಕೃಷ್ಣಬುವಾ ಇಚಲಕರಂಜೀಕರ್. ಅವರಲ್ಲೇ ಕಲಿತ ಇನ್ನೊಬ್ಬರು ವಿಷ್ಣು ದಿಗಂಬರ ಪಲುಸ್ಕರ್. ಪಲುಸ್ಕರ್ ಅವರಿಗೆ ಚಿಕ್ಕಂದಿನಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಗಿತ್ತು, ಅದಾದ ಮೇಲೇ ಸಂಗೀತಕ್ಕೆ ಹಾಕಿದ್ದು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಕಟ್ಟಿದವರು ಅವರೇ. ಒಂದೇ ಗುರುಮನೆಯ ಎರಡು ಕೊಂಬೆ, ಎರಡೂ ಕಡೆ ಕಣ್ಣಿನ ತೊಂದರೆ ಇದ್ದವರು, ಇಬ್ಬರೂ ಕಡೆಗೆ ಮಾಡಿದ್ದು ಪಾಠಶಾಲೆ.

ಗವಾಯಿಗಳ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಎಳೆಗೂಸಾಗಿದ್ದಾಗಲೇ ಕಣ್ಣು ಹೋಗಿತ್ತು. ಹಾಡು, ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ, ಜೊತೆಗೆ ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರವಣಿಗೆ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನನಗೆ ಅದಕ್ಕಿಂತ ಹೆಚ್ಚು ಖುಷಿ ಕೊಡುವುದು ಬೇರೆ ಸಂಗತಿ. ಹೆಸರಾಂತ ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಕಲಿತದ್ದು ಪಂಚಾಕ್ಷರಿ ಗವಾಯಿಗಳ ಹತ್ತಿರ, ಇನ್ನೊಬ್ಬ ಗಾಯಕ ವೆಂಕಟೇಶಕುಮಾರ್ ವರ್ಷಗಟ್ಟಲೆ ಆಶ್ರಮದಲ್ಲಿದ್ದು ಕಲಿತದ್ದು ಪುಟ್ಟರಾಜರ ಹತ್ತಿರ. ಇಬ್ಬರೂ ಕಣ್ಣಿದ್ದವರು! ಕಣ್ಣಿದ್ದವರು ಕಣ್ಣಿಲ್ಲದವರನ್ನು ಕೈ ಹಿಡಿದು ನಡೆಸುವುದನ್ನೇ ನೋಡಿ ರೂಢಿಯಾದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಇದನ್ನು ನಿಮ್ಮ ಮಗನಿಗೆ ಹೇಳಿ.

ಆದರೆ ಕಳಿಸುವ ಮೊದಲು ಅವನನ್ನೇ ಕೇಳಿ. ಕಣ್ಣು ಹೋಗುತ್ತಿದೆ ಅಂದ ಕೂಡಲೇ ಹಾರ್ಮೋನಿಯಂ ಮುಂದೆ ಕೂರಿಸುವುದು ನಮ್ಮಲ್ಲಿ ಒಂದು ಚಟ. ನನ್ನ ಜೊತೆ ಹಾಸ್ಟೆಲಿನಲ್ಲಿದ್ದ ಗೆಳತಿಗೆ ಹಾಡು ಅಂದರೆ ತಲೆನೋವು, ಲೆಕ್ಕ ಅಂದರೆ ಪ್ರಾಣ. ಎಂಟು ವರ್ಷ ಅವಳಿಗೆ ಸರಳೆ ವರಸೆ ಹೇಳಿಸಿದರು. ಈಗ ಬ್ಯಾಂಕಿನಲ್ಲಿದ್ದಾಳೆ, ರೇಡಿಯೋದಲ್ಲಿ ಸಂಗೀತ ಬಂದರೆ ಈಗಲೂ ಆಫ್ ಮಾಡುತ್ತಾಳೆ.

ಒಂದು ಕೆಲಸ ಮಾತ್ರ ತಡ ಮಾಡಬೇಡಿ. ಬ್ರೈಲ್. ಇನ್ನೂ ಸ್ವಲ್ಪ ಕಾಣುತ್ತದಲ್ಲ, ಆಮೇಲೆ ನೋಡೋಣ ಅನ್ನುತ್ತಾರೆ ಎಲ್ಲರೂ. ಬೆರಳು ಪಳಗಲು ತಿಂಗಳುಗಟ್ಟಲೆ ಬೇಕು. ಕಣ್ಣು ಇರುವಾಗಲೇ ಶುರು ಮಾಡಿದರೆ ಓದು ನಡುವೆ ನಿಲ್ಲುವುದಿಲ್ಲ. ಲೂಯಿ ಬ್ರೈಲ್ ಅನ್ನುವ ಫ್ರಾನ್ಸಿನ ಹುಡುಗ ಮೂರನೇ ವಯಸ್ಸಲ್ಲಿ ಅಪ್ಪನ ಅಂಗಡಿಯಲ್ಲಿ ತೊಗಲಿಗೆ ತೂತು ಹಾಕುವ ಹತಾರ ಹಿಡಿದು ಆಡುತ್ತಾ ಕಣ್ಣಿಗೆ ಚುಚ್ಚಿಕೊಂಡವನು. ದೊಡ್ಡವನಾದ ಮೇಲೆ ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದ. ಆರು ಚುಕ್ಕಿಯ ಲಿಪಿಯನ್ನು 1829ರಲ್ಲಿ ಪುಸ್ತಕವಾಗಿ ತಂದಾಗ ಅದರ ಹೆಸರಿನಲ್ಲೇ ‘ಸಂಗೀತ’ ಅನ್ನುವ ಪದ ಇತ್ತು. ಅಕ್ಷರದ ಜೊತೆಜೊತೆಗೇ ಸ್ವರಕ್ಕೂ ಲಿಪಿ ಮಾಡಿದ್ದ, ಹಾಡುಗಾರರ ಸಂಕಟ ಅವನಿಗೆ ಗೊತ್ತಿತ್ತಲ್ಲ! ನಿಮ್ಮ ಮಗನಿಗೆ ಇನ್ನೊಂದು ಗುಟ್ಟು ಹೇಳಿ. ಬ್ರೈಲ್ ಕಲಿತರೆ ರಾತ್ರಿ ದೀಪ ಆರಿಸಿದ ಮೇಲೂ ಕಂಬಳಿಯೊಳಗೆ ಕತೆಪುಸ್ತಕ ಓದಬಹುದು. ನಾಲ್ಕು ವರ್ಷ ಓದಿದ್ದೇನೆ, ಅಮ್ಮನಿಗೆ ಸಿಕ್ಕಿಬಿದ್ದಿಲ್ಲ.

ಪ್ರಶ್ನೆ: ನನಗೆ 19. ಹುಟ್ಟಿನಿಂದ ಕಣ್ಣಿಲ್ಲ. ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. ಹಾಡು ಮುಗಿದ ಮೇಲೆ ಜನ ಬಂದು ‘ಎಷ್ಟು ಚೆನ್ನಾಗಿ ಹಾಡ್ತೀಯಪ್ಪಾ, ಪಾಪ’ ಅಂತ ಕೈಯಲ್ಲಿ ದುಡ್ಡು ಇಡುತ್ತಾರೆ. ನಿಜವಾಗಿ ಚೆನ್ನಾಗಿ ಹಾಡಿದೆನೋ ಇಲ್ಲವೋ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಉತ್ತರ: ತಮ್ಮಾ, ಒಂದು ಮದುವೆಯಲ್ಲಿ ಹಾಡು ಮುಗಿಸಿ ನೀರಿನ ಲೋಟ ಎಲ್ಲಿದೆ ಅಂತ ಕೈ ಚಾಚಿ ಹುಡುಕುತ್ತಿದ್ದೆ, ಯಾರೋ ಪುಣ್ಯಾತ್ಮರು ಆ ಕೈಯಲ್ಲಿ ಹತ್ತು ರೂಪಾಯಿ ಇಟ್ಟು ಹೋದರು. ನೀರು ಸಿಗಲಿಲ್ಲ. ಆವತ್ತು ಅತ್ತೆ, ಈಗ ನಗು ಬರುತ್ತದೆ.

ದುಡ್ಡಿನ ಮಾತು ಸುಲಭ. ಮಾತಾಡಿಕೊಂಡ ಸಂಭಾವನೆ ಮೊದಲೇ ಖಾತೆಗೆ ಹಾಕಿಸಿಕೊಳ್ಳಿ. ಆಮೇಲೆ ಯಾರಾದರೂ ಕೈಗೆ ಕೊಟ್ಟರೆ, ‘ನನ್ನದು ಆಗಿದೆ, ತಬಲಾದವರಿಗೂ ಸೇರಿಸಿ ಕೊಡಿ’ ಅನ್ನಿ. ಅರ್ಧ ಜನ ವಾಪಸ್ ತೆಗೆದುಕೊಳ್ಳುತ್ತಾರೆ.

ಕಷ್ಟದ್ದು ಆ ‘ಪಾಪ’. ಈ ಪಾಪದ ಹೊಗಳಿಕೆ ಎಷ್ಟು ಹುಡುಗರ ಹಾಡು ಕೆಡಿಸಿದೆ ಅಂತ ಲೆಕ್ಕ ಇಲ್ಲ. ಶ್ರುತಿ ಬಿಟ್ಟರೂ ಚಪ್ಪಾಳೆ, ತಾಳ ತಪ್ಪಿದರೂ ಚಪ್ಪಾಳೆ, ಎದುರಿಗೆ ಕೂತವರ ಮುಖ ಕಿವುಚಿದ್ದು ನಮಗೆ ಕಾಣಲ್ಲ. ಬೈಯುವವರನ್ನು ಒಬ್ಬರನ್ನಾದರೂ ಇಟ್ಟುಕೊಳ್ಳಿ. ಎಲ್ಲಿ ಸ್ವರ ಇಳಿಯಿತು ಅಂತ ಮುಲಾಜಿಲ್ಲದೆ ಹೇಳುವವರು. ಇಲ್ಲದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಎರಡು ದಿನ ಬಿಟ್ಟು, ಬೇರೆ ಯಾರೋ ಹಾಡಿದ್ದು ಅಂದುಕೊಂಡು ಕೇಳಿ. ಇದರಲ್ಲಿ ನಮಗೊಂದು ಅನುಕೂಲವೂ ಇದೆ. ಜನರ ಮುಖ ನೋಡಿ ಹಾಡುವವರು ಮುಂದಿನ ಸಾಲಿನವನೊಬ್ಬ ಆಕಳಿಸಿದರೆ ಕಂಗಾಲಾಗುತ್ತಾರೆ. ನಮಗೆ ಆ ಕಾಟ ಇಲ್ಲ.

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ಕೀಬೋರ್ಡ್ ಕಲಿಸುತ್ತೇನೆ. ಕಣ್ಣು ಕಾಣದ 14 ವರ್ಷದ ಹುಡುಗಿ ಸೇರಿದ್ದಾಳೆ. ಹೇಗೆ ಕಲಿಸುವುದು ಗೊತ್ತಾಗುತ್ತಿಲ್ಲ. ಗುಂಪಿನಲ್ಲಿ ನುಡಿಸುವಾಗ ಸನ್ನೆ ಮಾಡಿದರೆ ಅವಳಿಗೆ ಹೇಗೆ ತಿಳಿಯಬೇಕು?

ಉತ್ತರ: ಸರ್, ಕೇಳಿದ್ದಕ್ಕೇ ಅರ್ಧ ಕೆಲಸ ಆಯಿತು. ‘ಇಲ್ಲಿ’, ‘ಹೀಗೆ’, ‘ಅದನ್ನ ಒತ್ತು’ ಅನ್ನುವ ಮಾತು ಬಿಡಿ. ‘ಎರಡು ಕಪ್ಪು ಮನೆ ಇರುವ ಜೋಡಿಯ ಎಡಗಡೆ ಬಿಳಿ ಮನೆ’ ಅನ್ನಿ. ಕಪ್ಪು ಮನೆಗಳು ಎರಡು, ಮೂರು, ಎರಡು, ಮೂರು ಅಂತ ಉಬ್ಬಿ ನಿಂತಿರುವುದು ಬೆರಳಿಗೆ ದೊಡ್ಡ ನಕ್ಷೆ. ಕೈ ಹಿಡಿದು ತೋರಿಸುವ ಮೊದಲು ಅವಳನ್ನು ಕೇಳಿ, ಸುಮ್ನೆ ಹಿಡಿದೆಳೆಯಬೇಡಿ. ಅದಕ್ಕಿಂತ ಒಳ್ಳೇದು, ನೀವು ನುಡಿಸುತ್ತಿರುವಾಗ ಅವಳ ಕೈ ನಿಮ್ಮ ಕೈ ಮೇಲೆ ಇರಲಿ. ಪಾಠ ರೆಕಾರ್ಡ್ ಮಾಡಿ ಕಳಿಸಿ, ಎಡಗೈ ಬೇರೆ, ಬಲಗೈ ಬೇರೆ. ಜಪಾನಿನ ಪಿಯಾನೋ ವಾದಕ ನೊಬುಯುಕಿ ಸುಜಿಯಿ ಹೀಗೇ ಕಲಿತದ್ದು. 1988ರಲ್ಲಿ ಕಣ್ಣಿಲ್ಲದೇ ಹುಟ್ಟಿದವರು, 2009ರಲ್ಲಿ ಅಮೆರಿಕದ ವ್ಯಾನ್ ಕ್ಲೈಬರ್ನ್ ಪಿಯಾನೋ ಸ್ಪರ್ಧೆಯಲ್ಲಿ ಚಿನ್ನ ಹಂಚಿಕೊಂಡರು. ನಿಮ್ಮ ಸನ್ನೆಯ ಪ್ರಶ್ನೆಗೂ ಉತ್ತರ ಅವರಲ್ಲೇ ಇದೆ. ಕೋಲಾಡಿಸಿ ಮೇಳ ನಡೆಸುವ ಕಂಡಕ್ಟರ್ ಕೈಯ ಕೋಲು ಕಾಣದಿದ್ದರೂ ದೊಡ್ಡ ದೊಡ್ಡ ವಾದ್ಯಮೇಳದ ಜೊತೆ ನುಡಿಸುತ್ತಾರೆ, ಹೇಗೆ ಅಂದರೆ ಕಂಡಕ್ಟರ್ ಉಸಿರು ಎಳೆದುಕೊಳ್ಳುವ ಸದ್ದು ಕೇಳಿಸಿಕೊಂಡು. ನೀವೂ ಶುರು ಮಾಡುವ ಮೊದಲು ಸ್ವಲ್ಪ ಜೋರಾಗಿ ಉಸಿರು ತೆಗೆದುಕೊಳ್ಳಿ. ಉಳಿದ ಮಕ್ಕಳೂ ಒಟ್ಟಿಗೆ ಬರುತ್ತಾರೆ, ನೋಡಿ ಬೇಕಾದರೆ.

ಸ್ವರಲಿಪಿಯನ್ನು ಫೋಟೋ ತೆಗೆದು ಕಳಿಸಬೇಡಿ, ಟೈಪ್ ಮಾಡಿ. ಫೋನ್ ಓದಿ ಹೇಳುತ್ತದೆ. ಮೇಲೆ ಕೆಳಗೆ ಇಡುವ ಚುಕ್ಕಿಯನ್ನು ಮಾತ್ರ ಅದು ನುಂಗಿಬಿಡುತ್ತದೆ, ಅದಕ್ಕೆ ‘ಮೇಲಿನ ಸ’, ‘ಕೆಳಗಿನ ನಿ’ ಅಂತ ಅಕ್ಷರದಲ್ಲೇ ಬರೆಯಿರಿ.

ಪ್ರಶ್ನೆ: ಆಂಟಿ, ನಿಮಗೆ ಕನಸು ಬೀಳುತ್ತಾ? (ಏಳನೇ ಕ್ಲಾಸ್ ಹುಡುಗಿ, ಧಾರವಾಡ)

ಉತ್ತರ: ಬೀಳುತ್ತೆ ಪುಟ್ಟೀ. ಹುಟ್ಟಿನಿಂದ ಕಣ್ಣಿಲ್ಲದವರ ಕನಸಲ್ಲಿ ಸದ್ದು, ವಾಸನೆ, ಮುಟ್ಟಿದ್ದು ಇರುತ್ತವೆ. ನಾನು ಏಳು ವರ್ಷ ನೋಡಿದವಳಲ್ಲ, ಹಾಗಾಗಿ ನನಗೆ ಬಣ್ಣವೂ ಕಾಣುತ್ತದೆ. ನಮ್ಮಮ್ಮನಿಗೆ ಈಗ 74. ಮಂಡಿನೋವು, ತಲೆಯೆಲ್ಲ ಬೆಳ್ಳಗೆ ಅಂತ ಮಗಳು ಹೇಳುತ್ತಾಳೆ. ನನ್ನ ಕನಸಲ್ಲಿ ಮಾತ್ರ ಅವರಿಗೆ ಇನ್ನೂ 29. ಮೊನ್ನೆ ಇದನ್ನು ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾವ ಸೀರೆ ಉಟ್ಟಿರ್ತೀನಿ?’ ಅಂದರು.