ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಎಲೆ ಚಿಗುರಿದರೆ ಕ್ರಿಕೆಟ್ ಮಾಯ!

ಪ್ರಶ್ನೆ: ಲಂಡನ್ ಬಳಿ ಬಾಡಿಗೆ ಮನೆ. ಜನವರಿಯಲ್ಲಿ ಡಿಶ್ ಹಾಕಿಸಿದೆವು. ಏಪ್ರಿಲ್‌ವರೆಗೆ ಸ್ಕೈ ಕಂಪನಿಯ ‘ಸ್ಕೈ ಸ್ಪೋರ್ಟ್ಸ್ ಕ್ರಿಕೆಟ್’ ಚಾನೆಲ್ ಚೆನ್ನಾಗಿಯೇ ಬರುತ್ತಿತ್ತು. ಮೇ ಬಂದಿದ್ದೇ ತಡ, ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ. ಮಳೆ ಬಂದರೆ ಪೂರ್ತಿ ಹೋಗುತ್ತದೆ. ಡಿಶ್ ಯಾರೂ ಮುಟ್ಟಿಲ್ಲ. ದೊಡ್ಡದು ಹಾಕಿಸಬೇಕೇ?

ಉತ್ತರ: ದುಡ್ಡು ಹಾಕುವ ಮೊದಲು ಡಿಶ್ ಎದುರು ಯಾವ ಮರವಿದೆ ನೋಡಿ. ಜನವರಿಯಲ್ಲಿ ಅಲ್ಲಿನ ಮರಗಳು ಬೋಳಾಗಿರುತ್ತವೆ, ಸಿಗ್ನಲ್ ಕೊಂಬೆಗಳ ಸಂದಿಯಿಂದ ನುಸುಳಿ ಬರುತ್ತದೆ. ಮೇ ಹೊತ್ತಿಗೆ ಎಲೆ ತುಂಬುತ್ತದೆ. ಎಲೆಯೊಳಗಿನ ನೀರು ಸಿಗ್ನಲನ್ನು ಹೀರುತ್ತದೆ, ಮಳೆಯಲ್ಲಿ ನೆನೆದ ಎಲೆ ಇನ್ನೂ ಹೆಚ್ಚು. ಇಂಗ್ಲೆಂಡಿನಲ್ಲಿ ಕ್ರಿಕೆಟ್ ಋತು ಕಳೆಕಟ್ಟುವುದೂ ಮರ ತುಂಬುವುದೂ ಒಂದೇ ಹೊತ್ತಿಗೆ ಎಂಬುದೇ ಸಂಕಟ.

ಸ್ಕೈ ಬರುವ ಉಪಗ್ರಹಗಳು ಪೂರ್ವ ರೇಖಾಂಶ 28.2 ಡಿಗ್ರಿಯಲ್ಲಿವೆ. ಲಂಡನ್ನಿನಿಂದ ನೋಡಿದರೆ ಉತ್ತರದಿಂದ 145 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ತುಸು ದಕ್ಷಿಣಕ್ಕೆ. ದಿಗಂತದಿಂದ ಎತ್ತರ ಬರೀ 25 ಡಿಗ್ರಿ. ಬೆಂಗಳೂರಿನಲ್ಲಿ ಡಿಡಿ ಫ್ರೀ ಡಿಶ್ ಹಿಡಿಯಲು ಸುಮಾರು 66 ಡಿಗ್ರಿ ಮೇಲಕ್ಕೆ ನೋಡಬೇಕು. ಅಷ್ಟು ಎತ್ತರಕ್ಕೆ ಪಕ್ಕದ ಮನೆಯ ತೆಂಗು ಸುಲಭಕ್ಕೆ ಅಡ್ಡ ಬರುವುದಿಲ್ಲ. ಲಂಡನ್ನಿನಲ್ಲಿ ಹಾಗಲ್ಲ. 10 ಮೀಟರ್ ದೂರದ ಮರ ಡಿಶ್ ಮಟ್ಟದಿಂದ ನಾಲ್ಕೂವರೆ ಮೀಟರ್ ಮೇಲೆದ್ದರೂ ಸಾಕು, ದಾರಿ ಮುಚ್ಚಿತು. 20 ಮೀಟರ್ ದೂರದ್ದಾದರೆ ಒಂಬತ್ತು ಮೀಟರ್.

ಡಿಶ್ ನೆಟ್ಟಗೆ ನಿಂತಿರುವುದನ್ನು ನೋಡಿ ಅದು ಎದುರಿನ ಗೋಡೆಯನ್ನೇ ನೋಡುತ್ತಿದೆ ಅಂದುಕೊಳ್ಳಬೇಡಿ. ಎಲ್‌ಎನ್‌ಬಿ (ತಟ್ಟೆಯ ಎದುರು ಕಡ್ಡಿಯ ತುದಿಯಲ್ಲಿದ್ದು ಸಿಗ್ನಲ್ ಹಿಡಿಯುವ ಭಾಗ) ಕೆಳಗಡೆ ಕೂತಿರುವ ಈ ಬಗೆಯ ಡಿಶ್ ನೆಟ್ಟಗೆ ಕಂಡರೂ ಅದರ ನೋಟ ಇಪ್ಪತ್ತು–ಇಪ್ಪತ್ತೈದು ಡಿಗ್ರಿ ಮೇಲಕ್ಕೇ ಇರುತ್ತದೆ. ಹಾಗಾಗಿ ಕಣ್ಣಳತೆ ಮೋಸ ಮಾಡುತ್ತದೆ. ಫೋನಿನ ದಿಕ್ಸೂಚಿಯಲ್ಲಿ 145 ಹಿಡಿದು, ಕೋನಮಾಪಕದಲ್ಲಿ 25 ಡಿಗ್ರಿ ಅಳೆದು ನೋಡಿ. ಇದಕ್ಕಿಂತ ಖಚಿತವಾದದ್ದು ಸೂರ್ಯನ ಪರೀಕ್ಷೆ: ಲಂಡನ್ ಸುತ್ತಮುತ್ತ ಮಾರ್ಚ್ 1–2ರ ಬೆಳಿಗ್ಗೆ ಹತ್ತೂಕಾಲರ ಆಸುಪಾಸು, ಅಕ್ಟೋಬರ್ 11–12ರಂದು ಹತ್ತೂಮುಕ್ಕಾಲರ ಆಸುಪಾಸು, ಸೂರ್ಯ ಸರಿಯಾಗಿ ಈ ಉಪಗ್ರಹಗಳ ಹಿಂದೆ ಬರುತ್ತಾನೆ. ಆ ಗಳಿಗೆಯಲ್ಲಿ ಡಿಶ್ ಮೇಲೆ ಯಾವುದರ ನೆರಳು ಬಿದ್ದಿದೆಯೋ ಅದೇ ನಿಮ್ಮ ಅಡ್ಡಿ. ಆಗ ಕೆಲವು ನಿಮಿಷ ಚಿತ್ರ ಕೆಟ್ಟರೆ ಗಾಬರಿ ಬೇಡ. ಅದು ಸೂರ್ಯನ ಗದ್ದಲ, ಸಲಕರಣೆಯ ದೋಷವಲ್ಲ.

ದೊಡ್ಡ ಡಿಶ್ ಮಳೆಗೆ ತುಸು ನೆರವಾದೀತು, ಮರಕ್ಕಲ್ಲ. ಮನೆ ಮಾಲೀಕರ ಒಪ್ಪಿಗೆ ಪಡೆದು ಡಿಶ್ಶನ್ನೇ ಸರಿಸಿ. ಎಷ್ಟೋ ಸಲ ಎರಡು ಮೀಟರ್ ಪಕ್ಕಕ್ಕೆ ಸರಿಸಿದರೆ ಸಾಕಾಗುತ್ತದೆ. ಸರಿಸುವಾಗ ಕೇಬಲ್ ತುದಿಯ ಕನೆಕ್ಟರ್ ಬಿಚ್ಚಿ ನೋಡಿ. ಹೊರಜಾಲರಿಯ ಕೂದಲೆಳೆಯಷ್ಟು ತಂತಿ ನಡುವಿನ ತಾಮ್ರಕ್ಕೆ ತಾಗಿದರೂ ಶಾರ್ಟ್ ಆಗುತ್ತದೆ. ತಾಮ್ರ ಕಪ್ಪಾಗಿದ್ದರೆ ನೀರು ಇಳಿದಿದೆ ಎಂದರ್ಥ. ಅಷ್ಟು ಉದ್ದ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ. ಗೋಡೆಯೊಳಗೆ ಹೋಗುವ ಮೊದಲು ಕೇಬಲ್ ಒಂದು ಸುತ್ತು ಕೆಳಗೆ ಜೋತುಬಿದ್ದಿರಲಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಪ್ರಶ್ನೆ: ಹಿಂದಿನ ಬಾಡಿಗೆದಾರರು ಸ್ಕೈ ಕ್ಯೂ (ಸ್ಕೈನ ಒಂದು ಬಗೆಯ ಬಾಕ್ಸ್) ಡಿಶ್ ಬಿಟ್ಟುಹೋಗಿದ್ದಾರೆ. ನಮ್ಮ ಫ್ರೀಸ್ಯಾಟ್ (ಬ್ರಿಟನ್ನಿನ ಉಚಿತ ಉಪಗ್ರಹ ಟಿವಿ) ಬಾಕ್ಸ್ ಜೋಡಿಸಿದರೆ 'ಸಿಗ್ನಲ್ ಇಲ್ಲ' ಎನ್ನುತ್ತದೆ.

ಉತ್ತರ: ತಟ್ಟೆ ಸರಿಯಿದೆ, ಎಲ್‌ಎನ್‌ಬಿ ಬೇರೆ. ಸ್ಕೈ ಕ್ಯೂಗೆ ಹಾಕುವುದು ವೈಡ್‌ಬ್ಯಾಂಡ್ ಎಲ್‌ಎನ್‌ಬಿ. ಸಾಮಾನ್ಯ ಬಾಕ್ಸ್‌ಗೆ ಬೇಕಾದದ್ದು ಯೂನಿವರ್ಸಲ್. ಎಲ್‌ಎನ್‌ಬಿ ಬದಲಿಸಿ, ಡಿಶ್ ತಿರುಗಿಸಬೇಡಿ. ಸ್ಕೈ ಸ್ಪೋರ್ಟ್ಸ್ ಫ್ರೀಸ್ಯಾಟ್‌ನಲ್ಲಿ ಇಲ್ಲ ಎಂಬುದೂ ಗೊತ್ತಿರಲಿ.

ಪ್ರಶ್ನೆ: ಮಂಗಳೂರಿನ ಮನೆಯ ಡಿಟಿಎಚ್ ಬಾಕ್ಸನ್ನು ದುಬೈಗೆ ಒಯ್ದರೆ ಐಪಿಎಲ್ ನೋಡಬಹುದೇ? ಇಲ್ಲಿ ಒಬ್ಬರು ದೊಡ್ಡ ಡಿಶ್ ಹಾಕಿ ರೀಚಾರ್ಜ್ ಕೂಡ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ.

ಉತ್ತರ: ಬೇಡ. ಭಾರತದ ಡಿಟಿಎಚ್ ಪರವಾನಗಿ ಭಾರತದೊಳಗೆ ಮಾತ್ರ. ಪ್ರಸಾರದ ಹಕ್ಕು ದೇಶ ದೇಶಕ್ಕೂ ಬೇರೆ ಬೇರೆಯಾಗಿ ಮಾರಾಟವಾಗುತ್ತದೆ, ಯುಎಇಯಲ್ಲಿ ಇಂಥ ಸಂಪರ್ಕ ಕಾನೂನಿಗೆ ವಿರುದ್ಧ. ತಾಂತ್ರಿಕವಾಗಿಯೂ ಅದು ನೆಚ್ಚಿಕೊಳ್ಳುವಂಥದ್ದಲ್ಲ. ಉಪಗ್ರಹದ ಕಿರಣವನ್ನು ಭಾರತದ ಮೇಲೆ ಬೀಳುವಂತೆ ರೂಪಿಸಿರುತ್ತಾರೆ. ಕಡಲಾಚೆ ಸಿಗುವುದು ಅದರ ಅಂಚು. ಮಂಗಳೂರಿನಲ್ಲಿ 60 ಸೆಂ.ಮೀ. ತಟ್ಟೆಗೆ ಬರುವ ಸಿಗ್ನಲ್ ಅಲ್ಲಿ ದುರ್ಬಲ, ಗಾಳಿಗೆ ಡಿಶ್ ಒಂದು ಡಿಗ್ರಿ ಅಲುಗಿದರೂ ಹೋಯಿತು. ವರ್ಷದ ದುಡ್ಡು ಮುಂಗಡ ತೆಗೆದುಕೊಂಡವರು ಬಿಲ್ ಕೊಡುವುದಿಲ್ಲ. ಕಾರ್ಡ್ ಬ್ಲಾಕ್ ಆದರೆ ದೂರು ಕೊಡಲು ನಿಮಗೆ ಜಾಗವೇ ಇಲ್ಲ. ಆ ವರ್ಷದ ಹಕ್ಕು ಯಾರಲ್ಲಿದೆ ಎಂದು ಟೂರ್ನಿಗೆ ಮೊದಲೇ ವಿಚಾರಿಸಿ, ಅಧಿಕೃತ ಪ್ಯಾಕೇಜನ್ನೇ ತಿಂಗಳ ಲೆಕ್ಕದಲ್ಲಿ ತೆಗೆದುಕೊಳ್ಳಿ. ಹಕ್ಕು ಕೈ ಬದಲಾಗುತ್ತಿರುತ್ತದೆ. ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ನಮ್ಮ ಮನೆಯಲ್ಲಿ ವಿಲೋ ಎಂಬ ಕ್ರಿಕೆಟ್ ಚಾನೆಲ್ ಇದೆ. ಭಾರತದಲ್ಲಿ ನಡೆಯುವ ಟೆಸ್ಟ್ ರೆಕಾರ್ಡ್‌ಗೆ ಹಾಕಿದರೆ ಮೊದಲ ದಿನವೇ ತಪ್ಪಿಹೋಗುತ್ತದೆ.

ಉತ್ತರ: ನೀವು ಭಾರತದ ತಾರೀಕು ಹಾಕಿರುತ್ತೀರಿ. 2024ರ ಅಕ್ಟೋಬರ್ 16ರ ಬೆಳಿಗ್ಗೆ 9.30ಕ್ಕೆ ಚಿನ್ನಸ್ವಾಮಿಯಲ್ಲಿ ಶುರುವಾಗಬೇಕಿದ್ದ ನ್ಯೂಜಿಲೆಂಡ್ ಟೆಸ್ಟ್ ನಿಮಗೆ 15ರ ರಾತ್ರಿ 9 ಗಂಟೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋದ ಮೇಲೆ ಅದೇ 9.30 ಎಂದರೆ ಹಿಂದಿನ ರಾತ್ರಿ 8.

ಆ ಟೆಸ್ಟಿನ ಮೊದಲ ದಿನ ಮಳೆಯಲ್ಲಿ ಕೊಚ್ಚಿಹೋಯಿತು, ಭಾರತ 46ಕ್ಕೆ ಆಲೌಟ್ ಆಗಿದ್ದು ಮರುದಿನ. ಮಳೆಯಿಂದ ಆಟ ನಷ್ಟವಾದರೆ ಮರುದಿನ ಸಾಮಾನ್ಯವಾಗಿ 15 ನಿಮಿಷ ಬೇಗ ಶುರುಮಾಡುತ್ತಾರೆ, ಸಂಜೆ ಓವರ್ ಮುಗಿಸಲು ಅರ್ಧ ಗಂಟೆ ಹೆಚ್ಚು ಆಡಿಸುತ್ತಾರೆ. ಆದ್ದರಿಂದ ರೆಕಾರ್ಡಿಂಗ್ ಅರ್ಧ ಗಂಟೆ ಮೊದಲೇ ಶುರುವಾಗಿ ಒಂದು ಗಂಟೆ ತಡವಾಗಿ ನಿಲ್ಲುವಂತೆ ಇಡಿ. ಐಪಿಎಲ್‌ಗೂ ಕೊನೆಗೆ ಒಂದು ಗಂಟೆ ಸೇರಿಸಿ; ಸೂಪರ್ ಓವರ್ ಬಂದಾಗ ರೆಕಾರ್ಡಿಂಗ್ ನಿಂತುಹೋದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ನಮ್ಮ ಟಿವಿಯಲ್ಲಿ ಬೌಲರ್ ಓಡುತ್ತಿರುವಾಗಲೇ ಊರಿನ ವಾಟ್ಸಾಪ್ ಗುಂಪಿನಲ್ಲಿ 'ವಿಕೆಟ್' ಎಂದು ಬರುತ್ತದೆ. ಉಪಗ್ರಹ ದೂರವಿರುವುದಕ್ಕೇ?

ಉತ್ತರ: ಉಪಗ್ರಹ 35,786 ಕಿ.ಮೀ. ಮೇಲಿದ್ದರೂ ಹೋಗಿಬರಲು ಬೇಕಾದದ್ದು ಕಾಲು ಸೆಕೆಂಡು ಅಷ್ಟೇ. ತಡವಾಗುವುದು ಚಿತ್ರವನ್ನು ಕುಗ್ಗಿಸಿ, ಸ್ಟುಡಿಯೋದಿಂದ ಸ್ಟುಡಿಯೋಗೆ ದಾಟಿಸಿ, ಮತ್ತೆ ಹಿಗ್ಗಿಸುವಲ್ಲಿ. ಇಂಟರ್‌ನೆಟ್ ಆ್ಯಪ್ ಆದರೆ ಸಾಮಾನ್ಯವಾಗಿ ಇನ್ನೂ ಹಿಂದೆ. ಅದಕ್ಕೂ ಮೊದಲು ಒಂದು ನೋಡಿ: ಕಾಫಿ ತರಲು ಹೋದಾಗ ಯಾರಾದರೂ ಚಿತ್ರ ತಡೆದು ನಿಲ್ಲಿಸುವ ‘ಪಾಜ್’ ಗುಂಡಿ ಒತ್ತಿದ್ದರೆ ಬಾಕ್ಸ್ ಅಷ್ಟು ಹೊತ್ತು ಹಿಂದೆಯೇ ಓಡುತ್ತಿರುತ್ತದೆ, ಪರದೆಯಲ್ಲಿ ಸುಳಿವೇ ಇರುವುದಿಲ್ಲ. ಚಾನೆಲ್ ಬದಲಿಸಿ ಮರಳಿ ಬಂದರೆ ನೇರಪ್ರಸಾರಕ್ಕೆ ಸೇರಿಕೊಳ್ಳುತ್ತದೆ. ಆಮೇಲೂ ಗುಂಪೇ ಮುಂದಿದ್ದರೆ ಪಂದ್ಯ ಮುಗಿಯುವವರೆಗೆ ಅದನ್ನು ಮ್ಯೂಟ್ ಮಾಡಿ.