ಪರಿಹಾರದ ಹಣದಲ್ಲಿ ಪೊಲೀಸ್ ವಾಹನ ಕೊಳ್ಳಬಹುದೇ?

ಪ್ರಶ್ನೆ: ನಾವು ಅಮೆರಿಕದ ಓಹಾಯೊ ರಾಜ್ಯದ ಸಣ್ಣ ನಗರವೊಂದರಲ್ಲಿ ನೆಲೆಸಿದ್ದೇವೆ. ಕೋವಿಡ್ ಪರಿಹಾರವೆಂದು ಫೆಡರಲ್ ಸರ್ಕಾರ ಕೊಟ್ಟ ಹಣದಲ್ಲಿ ನಮ್ಮ ನಗರಾಡಳಿತ ಪೊಲೀಸ್ ವಾಹನಗಳನ್ನು ಕೊಂಡಿದೆ, ರಸ್ತೆಗೆ ಡಾಂಬರು ಹಾಕಿಸಿದೆ. ಇದು ದುರ್ಬಳಕೆಯಲ್ಲವೇ? ವಿಚಾರಿಸುವುದಾದರೆ ಏನನ್ನು ಕೇಳಬೇಕು?

ಉತ್ತರ: ನಿಮ್ಮ ಅನುಮಾನ ಸಹಜವಾದದ್ದೇ, ಆದರೆ ಈ ಎರಡು ಖರ್ಚುಗಳನ್ನು ನಿಯಮಬಾಹಿರವೆನ್ನಲು ಬರುವುದಿಲ್ಲ. 2021ರ ಮಾರ್ಚ್ 11ರಂದು ಅಧ್ಯಕ್ಷ ಜೋ ಬೈಡನ್ ಅವರು ಸಹಿ ಹಾಕಿದ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆಯು ರಾಜ್ಯ, ಕೌಂಟಿ, ನಗರ ಹಾಗೂ ಮೂಲನಿವಾಸಿ ಬುಡಕಟ್ಟುಗಳ ಸರ್ಕಾರಗಳಿಗೆಂದು 350 ಶತಕೋಟಿ ಡಾಲರ್ ತೆಗೆದಿರಿಸಿತು. ಆರೋಗ್ಯ ಮತ್ತು ಆರ್ಥಿಕ ಹಾನಿಗೆ ಪರಿಹಾರ, ಅಪಾಯದ ನಡುವೆ ದುಡಿದವರಿಗೆ ಹೆಚ್ಚುವರಿ ವೇತನ, ನೀರು, ಒಳಚರಂಡಿ ಮತ್ತು ಬ್ರಾಡ್‌ಬ್ಯಾಂಡ್ ಕಾಮಗಾರಿ, ಇವುಗಳ ಜೊತೆಗೆ ಸರ್ಕಾರ ತಾನೇ ಕಳೆದುಕೊಂಡ ವರಮಾನವನ್ನು ತುಂಬಿಕೊಳ್ಳುವುದಕ್ಕೂ ಅದರಲ್ಲಿ ಅವಕಾಶವಿತ್ತು.

ನಿಮ್ಮ ನಗರದ ಖರ್ಚಿಗೆ ಆಧಾರ ಈ ಕೊನೆಯ ಅವಕಾಶವೇ ಇರಬೇಕು. ಖಜಾನೆ ಇಲಾಖೆ 2022ರ ಜನವರಿಯಲ್ಲಿ ಹೊರಡಿಸಿದ ಅಂತಿಮ ನಿಯಮದ ಪ್ರಕಾರ ಸ್ಥಳೀಯ ಸರ್ಕಾರವು, ತನಗೆ ಬಂದ ಮೊತ್ತಕ್ಕೆ ಮೀರದಂತೆ, ಒಂದು ಕೋಟಿ ಡಾಲರ್‌ವರೆಗೆ ವರಮಾನ ನಷ್ಟವಾಗಿದೆಯೆಂದು ಯಾವ ಲೆಕ್ಕವನ್ನೂ ಒಪ್ಪಿಸದೆ ತೋರಿಸಬಹುದಿತ್ತು. ಸಣ್ಣ ಊರುಗಳಿಗೆ ಬಂದದ್ದೇ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯಾದ್ದರಿಂದ ಅವು ಪೂರ್ತಿ ಹಣವನ್ನು ಇದೇ ಬಾಬತ್ತಿಗೆ ಸೇರಿಸಿ ರಸ್ತೆ, ಪೊಲೀಸ್, ಅಗ್ನಿಶಾಮಕದಂತಹ ನಿತ್ಯದ ಸೇವೆಗಳಿಗೆ ಬಳಸಬಹುದಾಯಿತು. ಪಿಂಚಣಿ ನಿಧಿಗೆ ತುಂಬುವುದು, ಹಳೆಯ ಸಾಲ ತೀರಿಸುವುದು, ಆಪತ್ಕಾಲದ ಮೀಸಲು ನಿಧಿಗೆ ಸೇರಿಸುವುದು ಮಾತ್ರ ಆಗಲೂ ನಿಷಿದ್ಧ.

ಲೆಕ್ಕಪತ್ರಕ್ಕೆ ಸಿಬ್ಬಂದಿಯೇ ಇಲ್ಲದ ಊರುಗಳಿಗೆ ಈ ಸಡಿಲಿಕೆ ಬೇಕೇ ಇತ್ತು. ಆದರೆ ಇದರಿಂದ ನಾಗರಿಕರಿಗೆ ಆದ ನಷ್ಟವೂ ಸಣ್ಣದಲ್ಲ. ಪರಿಹಾರದ ಹಣವನ್ನೆಲ್ಲ ಪೊಲೀಸರ ಸಂಬಳಕ್ಕೆ ಖರ್ಚು ಮಾಡಿದೆವೆಂದು ನಗರವೊಂದು ಖಜಾನೆಗೆ ವರದಿ ಕೊಟ್ಟಿತೆನ್ನಿ. ಆ ಸಂಬಳಕ್ಕೆಂದು ಮೊದಲೇ ಇಟ್ಟಿದ್ದ ನಗರದ ಸ್ವಂತ ತೆರಿಗೆ ಹಣ ಆಗ ಉಳಿಯುತ್ತದೆ, ಉಳಿದ ಆ ಹಣಕ್ಕೆ ಫೆಡರಲ್ ಷರತ್ತು ಯಾವುದೂ ಅನ್ವಯಿಸುವುದಿಲ್ಲ. ಇದೂ ಕಾನೂನುಬದ್ಧವೇ. ಆದ್ದರಿಂದ ವರದಿಯನ್ನಷ್ಟೇ ಓದಿ ಸುಮ್ಮನಾಗಬೇಡಿ. 2021ರಿಂದೀಚೆಗಿನ ನಗರದ ಬಜೆಟ್‌ಗಳನ್ನು ಎದುರಿಗಿಟ್ಟುಕೊಂಡು, ಸಾಮಾನ್ಯ ನಿಧಿಯಲ್ಲಿ ಹೀಗೆ ಉಳಿದ ಹಣ ಯಾವ ಕೆಲಸಕ್ಕೆ ಹೋಯಿತೆಂದು ಕೇಳಿ. ಒಮ್ಮೆ ಮಾತ್ರ ಬರುವ ಹಣವನ್ನು ನಂಬಿ ಕಾಯಂ ಹುದ್ದೆಗಳನ್ನು ತುಂಬಿದ್ದರೆ, ಮುಂದಿನ ವರ್ಷಗಳ ಸಂಬಳ ಎಲ್ಲಿಂದ ಎಂಬುದನ್ನೂ ಕೇಳಲೇಬೇಕು.

ಇನ್ನು ದಿನಾಂಕಗಳ ವಿಚಾರ. 2024ರ ಡಿಸೆಂಬರ್ 31ರೊಳಗೆ ಹಣವನ್ನು ನಿರ್ದಿಷ್ಟ ಖರ್ಚಿಗೆ ಬದ್ಧಗೊಳಿಸಬೇಕಿತ್ತು, ಪಾವತಿಗೆ 2026ರ ಡಿಸೆಂಬರ್ 31ರವರೆಗೆ ಕಾಲಾವಕಾಶ. ಬಜೆಟ್‌ನಲ್ಲಿ ಹಣ ತೆಗೆದಿರಿಸಿದ ಮಾತ್ರಕ್ಕೆ ಅದು ಬದ್ಧತೆಯಾಗುವುದಿಲ್ಲವಾದ್ದರಿಂದ ಗುತ್ತಿಗೆದಾರರೊಡನೆ ಸಹಿಯಾದ ಒಪ್ಪಂದದ ಅಥವಾ ಖರೀದಿ ಆದೇಶದ ಪ್ರತಿಯನ್ನೇ ಕೇಳಿ, ಅದರ ಮೇಲಿನ ದಿನಾಂಕವನ್ನು ನೋಡಿ. ಓಹಾಯೊದ ಸಾರ್ವಜನಿಕ ದಾಖಲೆಗಳ ಕಾನೂನಿನ ಪ್ರಕಾರ ಇಂತಹ ಕಾಗದಗಳನ್ನು ಕೇಳಲು ಸಾಮಾನ್ಯವಾಗಿ ನೀವು ಕಾರಣ ಹೇಳಬೇಕಾಗಿಲ್ಲ, ಹೆಸರನ್ನೂ ತಿಳಿಸಬೇಕಾಗಿಲ್ಲ.