ಮೆದುಳಿನ ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡವರು ಸಂಶೋಧನೆಗಾಗಿ ಏನು ಮಾಡಬಹುದು?

ನಾಲ್ಕು ತಿಂಗಳ ಹಿಂದೆ ಮಗನನ್ನು ಕಳೆದುಕೊಂಡ ನೀವು, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಮಾಡಿಸಿಯೂ ಚಿಕಿತ್ಸೆ ಫಲಿಸದ ಈ ರೋಗದ ಸಂಶೋಧನೆಗೆ ಹಣವೂ ಪ್ರಭಾವವೂ ಇಲ್ಲದ ಹೆತ್ತವರಿಂದ ಏನಾದರೂ ಆದೀತೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಅಡಿಕೆ ಕೃಷಿಕ. ಮೆದುಳಿನಲ್ಲಿ ಡಿಐಪಿಜಿ ಎಂಬ ಕ್ಯಾನ್ಸರ್ ಗಡ್ಡೆ ಪತ್ತೆಯಾದ ಹನ್ನೊಂದನೆಯ ತಿಂಗಳಲ್ಲಿ ನನ್ನ ಎಂಟು ವರ್ಷದ ಮಗಳು ತೀರಿಕೊಂಡಳು. ದೇಣಿಗೆ ಸಂಗ್ರಹಕ್ಕಿಂತ ಮೊದಲು ನಾವು ಕೇಳಬೇಕಾದದ್ದು ಗಡ್ಡೆಯ ಅಂಗಾಂಶವನ್ನು ಕೆಡದಂತೆ ಸಂಗ್ರಹಿಸುವ ವ್ಯವಸ್ಥೆಯನ್ನು ಎಂಬುದು ನನ್ನ ಅಭಿಪ್ರಾಯ.

ಕಾರಣ ಹೇಳುತ್ತೇನೆ. ಈ ಗಡ್ಡೆ ಬೆಳೆಯುವುದು ಮೆದುಳುಕಾಂಡದ ಪಾನ್ಸ್ ಎಂಬ ಭಾಗದಲ್ಲಿ. ಕಣ್ಣಿನ ಚಲನೆ, ನುಂಗುವಿಕೆ, ಉಸಿರಾಟಗಳಿಗೆ ಸಂಬಂಧಿಸಿದ ನರಗಳ ನಡುವೆಯೇ ಅದು ಹರಡಿಕೊಳ್ಳುವುದರಿಂದ ಕತ್ತರಿಸಿ ತೆಗೆಯಲಾಗುವುದಿಲ್ಲ. ಸೂಜಿ ಹಾಕಿ ಚೂರು ತೆಗೆಯುವುದೂ ಅಪಾಯವೆಂದು ದಶಕಗಳ ಕಾಲ ಎಂಆರ್‌ಐ ನೋಡಿಯೇ ರೋಗ ನಿರ್ಣಯಿಸುತ್ತಿದ್ದರು, ಹಾಗಾಗಿ ಪ್ರಯೋಗಾಲಯಗಳಿಗೆ ಪರೀಕ್ಷಿಸಲು ಏನೂ ಸಿಗುತ್ತಿರಲಿಲ್ಲ. ನೀಲ್ ಆರ್ಮ್‌ಸ್ಟ್ರಾಂಗ್ ಅವರ ಪುಟ್ಟ ಮಗಳು ಇದೇ ರೋಗದಿಂದ ತೀರಿಕೊಂಡದ್ದು 1962ರಲ್ಲಿ. ಆ ಮಗುವಿಗೂ ವಿಕಿರಣ ಚಿಕಿತ್ಸೆಯನ್ನೇ ಕೊಟ್ಟಿದ್ದರು, ನನ್ನ ಮಗಳಿಗೂ ಅದನ್ನೇ ಕೊಟ್ಟರು. ನಡುವೆ ಬಂದ ನಿಜವಾದ ಬದಲಾವಣೆ ಹೆತ್ತವರ ಒಪ್ಪಿಗೆಯಿಂದ ಬಂದದ್ದು: ಮರಣಾನಂತರ ದಾನವಾಗಿ ದೊರೆತ ಅಂಗಾಂಶದಿಂದ ಸ್ಟ್ಯಾನ್‌ಫರ್ಡಿನ ವೈದ್ಯವಿಜ್ಞಾನಿ ಮಿಶೆಲ್ ಮೋಂಜೆ ಅವರ ತಂಡ ಈ ಗಡ್ಡೆಯ ಕೋಶಗಳನ್ನು ಬೆಳೆಸಿ 2011ರಲ್ಲಿ ಪ್ರಕಟಿಸಿತು, ಹೀಗೆಯೂ ಬಯಾಪ್ಸಿಯಿಂದಲೂ ಸಿಕ್ಕ ಮಾದರಿಗಳನ್ನು ಪರೀಕ್ಷಿಸಿ 2012ರಲ್ಲಿ ಎಚ್3 ಕೆ27ಎಂ ಎಂಬ ವಂಶವಾಹಿ ಬದಲಾವಣೆಯನ್ನು ಗುರುತಿಸಿದರು. ಆ ಬದಲಾವಣೆಯಿರುವ, ಚಿಕಿತ್ಸೆಯ ನಂತರವೂ ಉಲ್ಬಣಿಸಿದ ಗಡ್ಡೆಗಳಿಗೆ ಡೋರ್ಡಾವಿಪ್ರೋನ್ ಎಂಬ ಔಷಧಕ್ಕೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ತ್ವರಿತ ಅನುಮೋದನೆ ಸಿಕ್ಕಿತು. ಪರಿಗಣಿಸಿದ 50 ರೋಗಿಗಳಲ್ಲಿ ಗಡ್ಡೆ ಸ್ಪಂದಿಸಿದ್ದು ಶೇಕಡಾ 22ರಷ್ಟು ಜನರಲ್ಲಿ. ಇದನ್ನು ಗುಣಪಡಿಸುವ ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಮಗಳು ತೀರಿಕೊಂಡಾಗ ಅಂಗಾಂಶ ದಾನದ ಬಗ್ಗೆ ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳ ಅಮ್ಮ ಒಪ್ಪುತ್ತಿದ್ದಳೋ ಇಲ್ಲವೋ ಎಂದು ಈಗಲೂ ನಾವಿಬ್ಬರು ಮಾತಾಡಿಕೊಳ್ಳುವುದಿದೆ. ಆದರೆ ಆ ನಿರ್ಧಾರ ನಮ್ಮದಾಗಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಲೂ ಮೆದುಳಿನ ಅಂಗಾಂಶ ಭಂಡಾರವಿದೆ ಎಂಬುದು ನಮಗೆ ತಿಳಿದದ್ದು ಆಮೇಲೆ. ಮರಣದ ನಂತರ ಕೆಲವೇ ಗಂಟೆಗಳಲ್ಲಿ ಆಗಬೇಕಾದ ಕೆಲಸಕ್ಕೆ ಇಲ್ಲಿಂದ ಘಟ್ಟ ಹತ್ತಿ ಬೆಂಗಳೂರು ತಲಪುವುದು ಸಾಧ್ಯವೇ? ಆದ್ದರಿಂದ ನಾನು ಬರೆಯುವ ಪ್ರತಿಯೊಂದು ಮನವಿಯಲ್ಲೂ, ಅಂಗಾಂಶವನ್ನು ಕರಾವಳಿಯಲ್ಲೇ ಪಡೆದು ಸಂಸ್ಕರಿಸಿ ಕಳುಹಿಸುವ ಏರ್ಪಾಡು ಆಗಬೇಕು, ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಬೇಕು ಎಂದು ಕೇಳುತ್ತೇನೆ. ಮಲಯಾಳ, ಇಂಗ್ಲಿಷ್ ಕಾಗದಗಳ ನಡುವೆ ಬದುಕುವ ನಮಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ತಪ್ಪು ನನ್ನದೇ. ಆಸ್ಪತ್ರೆಯ ದಾಖಲೆಯಲ್ಲಿ ನಾವು ಉಳಿದುಕೊಂಡಿದ್ದ ಮಂಗಳೂರಿನ ಬಂಧುಗಳ ಮನೆಯ ವಿಳಾಸ ಬರೆಸಿದ್ದೆ. ಒಂದು ಪ್ರದೇಶದ ಕ್ಯಾನ್ಸರ್ ರೋಗಿಗಳನ್ನೆಲ್ಲ ಎಣಿಸುವ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯಲ್ಲಿ ರೋಗಿಯ ಲೆಕ್ಕ ಹಿಡಿಯುವುದು ವಾಸಸ್ಥಳದಿಂದ. ಹಾಗಾಗಿ ಅವಳು ಕಾಸರಗೋಡಿನ ಮಗುವೆಂದು ಎಣಿಕೆಯಾಗಿರಲಾರಳು.

ಎಣಿಕೆಯ ಬೆಲೆ ಏನೆಂಬುದನ್ನು ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಡಾ. ವೈ. ಎಸ್. ಮೋಹನ್ ಕುಮಾರ್ ಪಡ್ರೆಯ ಆಸುಪಾಸಿನ ಮನೆಗಳಲ್ಲಿನ ಕಾಯಿಲೆಗಳನ್ನು ಗಮನಿಸಿ ಬರೆದರು, ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು; 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. ಮಗಳ ಗಡ್ಡೆಗೂ ಅದೇ ಕಾರಣವೇ ಎಂದು ನನ್ನನ್ನು ಕೇಳುವವರಿದ್ದಾರೆ. ಪುರಾವೆಯಿಲ್ಲದೆ ನಾನು ಹಾಗೆ ಹೇಳುವುದಿಲ್ಲ. ಹೇಳಿದರೆ ಉಳಿದ ಮಾತುಗಳನ್ನೂ ಅಧಿಕಾರಿಗಳು ಬದಿಗಿಡುತ್ತಾರೆ.

ನಿಮ್ಮ ಮಗನಿಗೆ ಬಯಾಪ್ಸಿ ಆಗಿರುವುದರಿಂದ, ಮೇಣದಲ್ಲಿ ಹುದುಗಿಸಿದ ಆ ಅಂಗಾಂಶದ ತುಂಡು, ಅಂದರೆ ಬ್ಲಾಕ್, ಪೆಥಾಲಜಿ ವಿಭಾಗದಲ್ಲಿ ಇನ್ನೂ ಇರುವ ಸಾಧ್ಯತೆ ಹೆಚ್ಚು. ಅದನ್ನು ವಿಲೇವಾರಿ ಮಾಡಬಾರದು, ನೈತಿಕ ಸಮಿತಿಯ ಒಪ್ಪಿಗೆಯಿರುವ ಸಂಶೋಧನೆಗೆ ಕೊಡಲು ನಮ್ಮ ಸಮ್ಮತಿಯಿದೆ ಎಂದು ಈ ತಿಂಗಳೇ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಎಂಆರ್‌ಐ ಸಿಡಿಗಳ ಪ್ರತಿಯನ್ನೂ ಕೇಳಿ. ಅರ್ಜಿಯಲ್ಲಿ ವರದಿಯ ಮೇಲಿರುವ ಬಯಾಪ್ಸಿ ಸಂಖ್ಯೆಯನ್ನು ತಪ್ಪದೆ ನಮೂದಿಸಿ. ನಾನು ಜತೆಗೆ ಹೋಗಿದ್ದ ಮುಳ್ಳೇರಿಯದ ದಂಪತಿ ಹೆಸರು, ದಿನಾಂಕ ಎರಡೂ ಕೊಟ್ಟಿದ್ದರು, ಆ ಒಂದು ಸಂಖ್ಯೆ ಇಲ್ಲವೆಂದು ಎರಡು ಸಲ ಬರಿಗೈಯಲ್ಲಿ ಮರಳಬೇಕಾಯಿತು.